ಬಾಗಿಲಿಗೆ ಹಚ್ಚಿದ ಅತ್ತೆ

ಯಾಂಬೊಲ್ ಪಟ್ಟಣದ ನೀರು ಸರಬರಾಜು ಕಚೇರಿಯ ಗುಮಾಸ್ತ ಮಿಂಚೊ ತಬಾಕೊವ್‌ಗೆ ಬದುಕಿನಲ್ಲಿ ಒಂದೇ ಒಂದು ಆಸೆ ಬಾಕಿ ಉಳಿದಿತ್ತು. ಅವನ ಅತ್ತೆ ಕೆರಾ ಅವನನ್ನು ಒಮ್ಮೆಯಾದರೂ ಹೆಸರು ಹಿಡಿದು ಕರೆಯಬೇಕು. ಮದುವೆಯ ದಿನ ತಲೆತುಂಬ ಇದ್ದ ಕೂದಲು ಉದುರಿ ಹೋಗಿತ್ತು, ಅವನ ಸ್ವಂತ ಮಗಳ ಮದುವೆಯೂ ಆಗಿ ಮುಗಿದಿತ್ತು. ಆದರೂ ಅತ್ತೆಯ ಪಾಲಿಗೆ ಅವನು ಇನ್ನೂ ಝಿವ್ಕಾಳ ಗಂಡನೇ. ಪಕ್ಕದ ಕುರ್ಚಿಯಲ್ಲೇ ಅವನು ಕೂತಿದ್ದರೂ ಆಕೆ ಮೇಜಿನ ಆ ತುದಿಯಲ್ಲಿದ್ದ ಮಗಳಿಗೆ ಕೂಗಿ ಹೇಳುವಳು: “ಝಿವ್ಕಾ, ಉಪ್ಪು ಈ ಕಡೆ ದಾಟ್ಸು ಅಂತ ನಿನ್ನ ಗಂಡನಿಗೆ ಹೇಳು.” ಝಿವ್ಕಾ ಹೇಳುವಳು, ಮಿಂಚೊ ದಾಟಿಸುವನು. ಸಂಸಾರ ಹೀಗೆ ಸುಸೂತ್ರವಾಗಿ ನಡೆದಿತ್ತು.

ಇದೇ ಅತ್ತೆಗೆ ಇನ್ನೊಬ್ಬ ಅಳಿಯನಿದ್ದ, ಆಸ್ಪರೂಹ್ ಎಂದು. ಆ ಉದ್ದ ಹೆಸರು ಮಾತ್ರ ಆಕೆಯ ಬಾಯಲ್ಲಿ ಸಲೀಸಾಗಿ ಹೊರಳುತ್ತಿತ್ತು. ಮಿಂಚೊನ ಷಡ್ಡಕನಾದ ಈ ಮಹಾಶಯ ಟೈರಿನ ಅಂಗಡಿ ಇಟ್ಟಿದ್ದ, ಮನೆಯೊಳಗೂ ಕಪ್ಪು ಕನ್ನಡಕ ಹಾಕುತ್ತಿದ್ದ, ಮತ್ತು ಯಾವ ಊಟಕ್ಕೆ ಬಂದರೂ ಮಿಂಚೊ ತಂದದ್ದಕ್ಕಿಂತ ಗೇಣುದ್ದ ಹೆಚ್ಚಿರುವ ಸಾಸೇಜನ್ನು ತರುತ್ತಿದ್ದ. ಷಡ್ಡಕರ ಪೈಪೋಟಿ ಎಲ್ಲ ದೇಶಗಳಲ್ಲೂ ಇದ್ದೇ ಇದೆ. ನಮ್ಮೂರಲ್ಲಿ ಅದಕ್ಕೆ ಪದಕ ಕೊಡುವ ಏರ್ಪಾಡು ಇಲ್ಲವೆನ್ನುವುದಷ್ಟೇ ಕೊರತೆ.

ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ಅತ್ತೆಯ ಮನೆಯ ಊಟದಲ್ಲಿ ಆಸ್ಪರೂಹ್ ಗ್ಲಾಸೆತ್ತಿ ಘೋಷಿಸಿದ: “ಅತ್ತೆ, ಈ ತಿಂಗಳ ಕೊನೆಗೆ ನಿಮಗೆ ಎಂಬತ್ತು. ಬುರ್ಗಾಸ್‌ನ ದೊಡ್ಡ ಸ್ಟುಡಿಯೋದಲ್ಲಿ ನಿಮ್ಮ ಫೋಟೋ ಮಾಡಿಸ್ತೀನಿ. ಚಿನ್ನದ ಬಣ್ಣದ ಕಟ್ಟು. ಇಷ್ಟಗಲ!”

“ತಲೆ ಇರೋನು ಅಂದ್ರೆ ಇವನು ನೋಡಿ,” ಎಂದಳು ಕೆರಾ, ನೋಡಬೇಕಾದವನು ಯಾರೆಂದು ಹೇಳದೆ.

ಮಿಂಚೊ ಆಗ ರಕಿಯಾ ಎಂಬ ಹಣ್ಣಿನ ಸಾರಾಯಿಯ ಮೂರನೆಯ ಗ್ಲಾಸಿನಲ್ಲಿದ್ದ. ಆ ಹಂತದಲ್ಲಿ ಮನುಷ್ಯ ಆಡಿದ ಮಾತಿಗೆ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ. “ಫೋಟೋ ಯಾರು ಬೇಕಾದ್ರೂ ತೆಗೀತಾರೆ,” ಎಂದುಬಿಟ್ಟ. “ಗುಂಡಿ ಒತ್ತಿದ್ರೆ ಆಯ್ತು. ನಾನು ಅತ್ತೇನ ಕೈಯಲ್ಲೇ ಬರೀತೀನಿ, ನನ್ನ ಟ್ಯಾಬಿನ ಮೇಲೆ. ನೋಡಿದ ತಕ್ಷಣ ಅತ್ತೇನೇ ಅಂತ ಗೊತ್ತಾಗ್ಬೇಕು, ಹಾಗೆ!”

ಆ ಟ್ಯಾಬನ್ನು ಕಚೇರಿಯವರು ಕೊಟ್ಟದ್ದು ಬೇರೆ ಕೆಲಸಕ್ಕೆ. ಊರಿನ ನಕ್ಷೆಯ ಮೇಲೆ ಎಲ್ಲಿ ಕೊಳವೆ ಸೋರುತ್ತಿದೆಯೋ ಅಲ್ಲಿ ಗುರುತು ಹಾಕಿ ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕಿತ್ತು. ಮಿಂಚೊ ಬೆರಳಿನಿಂದ ಹಾಕಿದ ಮೊದಲ ಗುರುತೇ ಬೀದಿ ತಪ್ಪಿ ದಂತವೈದ್ಯರ ಹಿತ್ತಲಿಗೆ ಬಿದ್ದಿತ್ತು, ಕೆಲಸದವರು ಹೋಗಿ ಅವರ ಗುಲಾಬಿ ಪಾತಿಯನ್ನು ಆಳೆತ್ತರ ಅಗೆದು ಬಂದಿದ್ದರು. ಇದು ಮೇಜಿನ ಸುತ್ತ ಇದ್ದವರಿಗೆಲ್ಲ ಗೊತ್ತಿತ್ತು.

“ಝಿವ್ಕಾ,” ಎಂದಳು ಕೆರಾ, “ನಿನ್ನ ಗಂಡ ನನ್ನನ್ನ ಬರೀತಾನಂತೆ. ನನ್ನ ಮೂಗು ಎಲ್ಲಿ ಅಗೀತಾನೆ ಅಂತ ಮೊದಲೇ ಕೇಳಿಟ್ಕೋ.”

ಆಸ್ಪರೂಹ್ ನಕ್ಕ ರಭಸಕ್ಕೆ ಸಾಸೇಜು ನೆತ್ತಿಗೇರಿತು. ಅವನ ಬೆನ್ನು ತಟ್ಟಿದವನು ಮಿಂಚೊನೇ. ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ತಟ್ಟಿದ.

ಮರುದಿನ ಅಮಲು ಇಳಿದ ಮೇಲೆ ಮಿಂಚೊಗೆ ಹೊಳೆದದ್ದು, ಬೆರಳು ಚಿತ್ರ ಬರೆಯಲು ಹುಟ್ಟಿದ ಅಂಗವಲ್ಲ, ಟ್ಯಾಬಿನ ಮೇಲೆ ಬರೆಯಲು ಸ್ಟೈಲಸ್ ಎಂಬ ಪೆನ್ನು ಬೇಕು ಎಂದು. ಸಂತೆಗೆ ಹೋಗಿ ಮೊದಲು ಕಣ್ಣಿಗೆ ಬಿದ್ದದ್ದನ್ನು ಕೊಂಡ. ಅದರ ತುದಿಯಲ್ಲಿ ಬಟಾಣಿಯಷ್ಟು ದಪ್ಪದ ರಬ್ಬರ್ ಉಂಡೆಯಿತ್ತು. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ. ಝಿವ್ಕಾ ನೋಡಿ, “ಕರಡಿ ಚೆನ್ನಾಗಿ ಬಂದಿದೆ,” ಎಂದಳು. ಎರಡನೆಯ ಪೆನ್ನಿನ ತುದಿಯಲ್ಲಿ ಗಾಜಿನಂಥ ಒಂದು ಬಿಲ್ಲೆ. ನೆಟ್ಟಗೆ ಹಿಡಿದರೆ ಬರೆಯುತ್ತಿತ್ತು, ಓರೆ ಹಿಡಿದರೆ ತುದಿ ಒಂದು ಕಡೆ, ಗೆರೆ ಇನ್ನೊಂದು ಕಡೆ. ಅದರಲ್ಲಿ ಝಿವ್ಕಾಳ ಎಡಗಣ್ಣು ಕಿವಿಯಿಂದಾಚೆ ಹೋಗಿ ಕೂತಿತು. “ನನ್ನ ಮೇಲೆ ಕೋಪ ಇದ್ರೆ ಬಾಯಲ್ಲಿ ಹೇಳಿ, ಹೀಗೆಲ್ಲ ತೀರಿಸ್ಕೋಬೇಡಿ,” ಎಂದು ಎದ್ದುಹೋದ ಆಕೆ ಮತ್ತೆ ಎದುರಿಗೆ ಕೂರಲಿಲ್ಲ.

ಕೊನೆಗೆ ಅವನು ರೈಲು ನಿಲ್ದಾಣದ ಎದುರಿನ ಅಂಗಡಿಗೆ ಹೋದ. ಅಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ಅವನ ಎರಡೂ ಪೆನ್ನುಗಳನ್ನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು.

“ಇವು ಬೆರಳಿನ ನಕಲು ಮಾಡೋ ಕಡ್ಡಿಗಳು ಸ್ವಾಮಿ. ಟ್ಯಾಬೂ ಪೆನ್ನೂ ಒಂದನ್ನೊಂದು ಗುರುತು ಹಿಡೀಬೇಕು. ಅಂಗೈ ಊರಿದ್ರೂ ಕಲೆ ಬೀಳಬಾರದು. ಮೆಲ್ಲಗೆ ಒತ್ತಿದ್ರೆ ಗೆರೆ ಸಣ್ಣ, ಜೋರಾಗಿ ಒತ್ತಿದ್ರೆ ದಪ್ಪ.”

“ಅದು ಸರಿಯಾಗಿದೆ ಅಂತ ಹೇಗೆ ತಿಳ್ಕೊಳ್ಳೋದು?”

“ಅಡಿಪಟ್ಟಿ ಇಟ್ಟು ಮೂಲೆಯಿಂದ ಮೂಲೆಗೆ ನಿಧಾನವಾಗಿ ಗೆರೆ ಎಳೀರಿ. ಕೆಟ್ಟ ಪೆನ್ನಾದ್ರೆ ಗೆರೆ ಅಂಕುಡೊಂಕು ಆಗುತ್ತೆ. ಆಮೇಲೆ ಮುಖಗಳನ್ನ ನೋಡಿ ಬರೀರಿ. ಅಲ್ಲಾಡದ ಮುಖ ಆಗಿರ್ಲಿ, ಇಲ್ದಿದ್ರೆ ತಪ್ಪು ಪೆನ್ನಿಂದೋ ಮುಖದ್ದೋ ಗೊತ್ತಾಗಲ್ಲ.” ಹೀಗೆ ಹೇಳಿ, ಒಪ್ಪಿಗೆಯಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮರಳಿಸುವ ಕರಾರಿನ ಮೇಲೆ ಅವನಿಗೆ ಕೆಲವು ಪೆನ್ನುಗಳನ್ನು ಕೊಟ್ಟು ಕಳಿಸಿದಳು.

ಅಲ್ಲಾಡದ ಮುಖ! ಮಿಂಚೊ ದಾರಿಯುದ್ದಕ್ಕೂ ಯೋಚಿಸಿದ. ಮನೆಯಲ್ಲಿ ಹೆಂಡತಿ ಒಪ್ಪುವುದಿಲ್ಲ. ಬೆಕ್ಕು ನಿಲ್ಲುವುದಿಲ್ಲ. ಹೀಗೆ ಯೋಚಿಸುತ್ತ ತನ್ನ ಕಟ್ಟಡದ ಹೆಬ್ಬಾಗಿಲಿಗೆ ಬಂದವನು ತಲೆಯೆತ್ತಿದ. ಅಲ್ಲಿ ಸಾಲಾಗಿ ಅಲ್ಲಾಡದ ಮುಖಗಳು ಅವನನ್ನೇ ನೋಡುತ್ತಿದ್ದವು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಅವರ ಮುಖ, ಹೆಸರು, ವಯಸ್ಸು ಅಚ್ಚು ಹಾಕಿಸಿ, ಸುತ್ತ ಕಪ್ಪು ಅಂಚು ಕೊಟ್ಟು, ಅವರಿದ್ದ ಕಟ್ಟಡದ ಬಾಗಿಲಿಗೆ ಹಚ್ಚುತ್ತಾರೆ. ನಲವತ್ತನೇ ದಿನಕ್ಕೆ ಇನ್ನೊಂದು ಹಾಳೆ, ವರ್ಷಕ್ಕೆ ಮತ್ತೊಂದು. ಹೀಗಾಗಿ ಮಿಂಚೊನ ಬಾಗಿಲಿನಲ್ಲಿ ಸತ್ತವರ ಹಾಜರಾತಿ ಬದುಕಿದ್ದವರ ಸಭೆಗಿಂತ ಯಾವಾಗಲೂ ಚೆನ್ನಾಗಿರುತ್ತಿತ್ತು. ಬೆಳಕು ಒಳ್ಳೆಯದು, ಮುಖಗಳು ನೆಟ್ಟಗಿದ್ದವು, ಸುತ್ತಲಿನ ಕಪ್ಪು ಅಂಚು ನೇರ ಗೆರೆಯ ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು. ಮಿಂಚೊ ಅಲ್ಲೇ ನಿಂತು ಟ್ಯಾಬ್ ತೆರೆದ.

ಬಾಗಿಲಿನ ಪಕ್ಕದ ಕಿಟಕಿ ಪೆನಾಳದು. ಹಗಲಿಡೀ ಕಿಟಕಿಯಲ್ಲಿ ಮೊಣಕೈ ಊರಿ ಕೂರಲು ಆಕೆ ಒಂದು ದಿಂಬನ್ನೇ ಮೀಸಲಿಟ್ಟಿದ್ದಳು.

“ಏನೋ ಮಿಂಚೊ, ಸತ್ತೋರ ಮುಂದೆ ನಿಂತ್ಕೊಂಡು ಏನ್ ಬರೀತಿದೀಯಾ?”

“ಪೆನ್ನು ನೋಡ್ತಿದೀನಿ ಪೆನಕ್ಕ. ಮುಖ ನಿಖರವಾಗಿ ಬರುತ್ತಾ ಅಂತ.”

“ಯಾರ ಮುಖಾನೋ?”

“ಸದ್ಯಕ್ಕೆ ಮೂರನೇ ಮಹಡಿ ಸ್ತಮಾತ್ ಮಾವಂದು. ಕೈ ಕೂತ ಮೇಲೆ ಬದುಕಿರೋರನ್ನ ಶುರು ಮಾಡ್ತೀನಿ.”

ಪೆನಾ ಕಿಟಕಿ ಮುಚ್ಚಿದಳು. ಬೇಸಿಗೆಯಿಂದ ಮುಚ್ಚದೆ ಇದ್ದ ಕಿಟಕಿ ಅದು.

ಅಂದೇ ಸಂಜೆ ಆಕೆ ಕ್ರುಮ್‌ನನ್ನು ಹಿಡಿದಳು. ಕ್ರುಮ್ ನಿವಾಸಿಗಳೇ ಆರಿಸಿದ್ದ ಕಟ್ಟಡದ ಮೇಲ್ವಿಚಾರಕ. ಲಿಫ್ಟು ಕೆಟ್ಟರೂ, ಪಾರಿವಾಳ ಗೂಡು ಕಟ್ಟಿದರೂ ನಿಯಮ ಹುಡುಕುವುದು ಅವನ ಜವಾಬ್ದಾರಿ.

“ಕ್ರುಮಣ್ಣ, ನಾಲ್ಕನೇ ಮಹಡಿ ಮಿಂಚೊ ಹೆಣದ ಕಂಪನಿಗೆ ಸೇರ್ಕೊಂಡಿದಾನೆ.”

“ಅವನು ನೀರಿನ ಕಚೇರೀಲಿ ಇದ್ದಾನಲ್ಲಮ್ಮ?”

“ಅದು ಹಗಲು. ಸಂಜೆ ಇದು. ಮುಂಚೇನೇ ಎಲ್ಲರ ಮುಖ ಬರೆದಿಟ್ಕೋತಾನಂತೆ. ಹೊತ್ತು ಬಂದಾಗ ಫೋಟೋ ಹುಡುಕೋ ತಾಪತ್ರಯ ಬೇಡ ಅಂತ. ಅವನೇ ಹೇಳ್ದ, ಬದುಕಿರೋರನ್ನ ಶುರು ಮಾಡ್ತೀನಿ ಅಂತ. ಈ ಕಿವಿಯಲ್ಲೇ ಕೇಳ್ದೆ.”

ಕ್ರುಮ್ ಗಂಭೀರವಾಗಿ ಯೋಚಿಸಿ, ಇದನ್ನು ತಡೆಯುವ ನಿಯಮವಿಲ್ಲ ಎಂದು ತೀರ್ಪು ಕೊಟ್ಟ.

ಇತ್ತ ಮಿಂಚೊ ಒಂದೊಂದೇ ಪೆನ್ನನ್ನು ಬಾಗಿಲಿನ ಮುಂದೆ ಪರೀಕ್ಷಿಸುತ್ತ ಹೋದ. ಒಂದರಲ್ಲಿ ಅಂಗೈ ಊರಿದಲ್ಲೆಲ್ಲ ಮಸಿ. ಒಂದರಲ್ಲಿ ಕೈ ಮುಂದೆ ಹೋಗಿ, ಗೆರೆ ಆಮೇಲೆ ಯೋಚಿಸಿ ಬರುತ್ತಿತ್ತು. ಕೊನೆಗೊಂದು ಸಣ್ಣ ತುದಿಯ ಬೂದು ಬಣ್ಣದ ಪೆನ್ನು, ನೋಡಲು ಏನೂ ವಿಶೇಷವಿಲ್ಲದ್ದು, ಅಡಿಪಟ್ಟಿಯ ಗುಂಟ ಕೂದಲೆಳೆಯಂತೆ ನೇರವಾಗಿ ಓಡಿತು. ಅದರಲ್ಲಿ ಸ್ತಮಾತ್ ಮಾವನ ಹುಬ್ಬಿನ ಒಂದೊಂದು ಕೂದಲೂ ಬಂತು. ಮಿಂಚೊಗೆ ಮೈ ಜುಮ್ಮೆಂದಿತು. ಉಳಿದ ಪೆನ್ನುಗಳನ್ನು ಮರಳಿಸಿ ಬಂದವನೇ ಬದುಕಿದ್ದವರನ್ನು ಹುಡುಕಿದ. ಬೆಂಚಿನ ಮೇಲೆ ಕ್ರುಮ್ ಪತ್ರಿಕೆ ಓದುತ್ತ ಕೂತಿದ್ದ. ಅವನಿಗೆ ಗೊತ್ತಾಗದಂತೆ ಮರದ ಮರೆಯಲ್ಲಿ ನಿಂತು, ಗಲ್ಲದ ನೆರಿಗೆ ಸಹಿತ ಅವನನ್ನು ಬರೆದು ಮುಗಿಸಿದ.

ಕ್ರುಮ್‌ಗೆ ಗೊತ್ತಾಗಲಿಲ್ಲ, ಸರಿ. ಕಿಟಕಿಗೆ ಗೊತ್ತಾಯಿತು. ಮರುದಿನ ಬೆಳಗ್ಗೆ ಕ್ರುಮ್ ಹೊಟ್ಟೆ ಹಿಡಿದುಕೊಂಡು ನರಳುತ್ತ ಆಂಬ್ಯುಲೆನ್ಸ್ ಹತ್ತಿದಾಗ ಪೆನಾ ಬೀದಿಯ ನಡುವೆ ನಿಂತು ಶಿಲುಬೆಯ ಸನ್ನೆ ಮಾಡಿಕೊಂಡಳು. ಪಿತ್ತಕೋಶದಲ್ಲಿ ಕಲ್ಲು ಎಂದು ವೈದ್ಯರು ಹೇಳಿದ್ದು ನಿಜ. ಆದರೆ ವೈದ್ಯರನ್ನು ಯಾರು ಕೇಳಿದರು?

ಅಂದಿನಿಂದ ಮಿಂಚೊ ಮೆಟ್ಟಿಲಿಳಿದರೆ ಜನ ತರಕಾರಿ ಚೀಲವನ್ನು ಮುಖಕ್ಕೆ ಅಡ್ಡ ಹಿಡಿಯತೊಡಗಿದರು. ಲಿಫ್ಟಿನಲ್ಲಿ ಅವನಿದ್ದರೆ ಐದನೇ ಮಹಡಿಯವರು ನಡೆದೇ ಹತ್ತಿದರು. ಆ ಮಹಡಿಯ ಮುದುಕಿಯೊಬ್ಬಳು ಅವನ ಕೈಗೆ ಜಾಡಿ ತುಂಬ ಅತ್ತಿಹಣ್ಣಿನ ಮುರಬ್ಬ ಇಟ್ಟು, “ಮೊಮ್ಮಗನ ಮದುವೆ ಒಂದು ಆಗಿಬಿಡ್ಲಿ ಕಣಪ್ಪ, ಆಮೇಲೆ ನಿನ್ನಿಷ್ಟ,” ಎಂದಳು. ಕಚೇರಿಯಲ್ಲಿ ನಿರ್ದೇಶಕರು ಕರೆಸಿ, “ಸರ್ಕಾರಿ ಟ್ಯಾಬಿನಲ್ಲಿ ಪರಲೋಕದ ಕೆಲಸ ಮಾಡ್ತಿದೀರಂತೆ?” ಎಂದು ಕೇಳಿದರು. “ನಿಖರತೆ ಅಭ್ಯಾಸ ಮಾಡ್ತಿದೀನಿ ಸರ್, ನಿಮ್ಮನ್ನೂ ಒಂದು ಬರೀಲಾ?” ಎಂದ ಮಿಂಚೊ. ನಿರ್ದೇಶಕರು ಕೂಡಲೇ ಅವನಿಗೆ ಒಂದು ವಾರದ ರಜೆ ಕೊಟ್ಟರು.

ಇಷ್ಟಾದರೂ ಅವನಿಗೆ ಅನುಮಾನವೇ ಬರಲಿಲ್ಲ. “ನೋಡ್ದೇನೇ, ಒಳ್ಳೆ ಪೆನ್ನು ಕೈಗೆ ಬಂದ್ರೆ ಜನಕ್ಕೆ ಎಷ್ಟು ಗೌರವ,” ಎಂದು ಹೆಂಡತಿಗೆ ಹೇಳಿ ಮುರಬ್ಬ ನೆಕ್ಕಿದ.

ರಜೆಯಲ್ಲಿ ಅತ್ತೆಯ ಚಿತ್ರ ಶುರುವಾಯಿತು. ಕೆರಾ ಇದ್ದದ್ದು ಅದೇ ಕಟ್ಟಡದ ಮೊದಲ ಮಹಡಿಯಲ್ಲಿ, ಪೆನಾಳ ಮನೆಯ ನೇರ ಮೇಲೆ. ಸೆಪ್ಟೆಂಬರ್ ಎಂದರೆ ನಮ್ಮೂರಲ್ಲಿ ಮೆಣಸಿನಕಾಯಿ ಸುಡುವ ಕಾಲ. ಪ್ರತಿ ಬಾಲ್ಕನಿಯಲ್ಲೂ ಸುಡುವ ಒಲೆ, ಬೀದಿಯೆಲ್ಲ ಕೆಂಪು ದೊಣ್ಣೆಮೆಣಸಿನಕಾಯಿಯ ಘಾಟು. ಚಳಿಗಾಲಕ್ಕೆ ಜಾಡಿ ತುಂಬುವುದನ್ನು ಬಿಟ್ಟು ಅಳಿಯನ ಮುಂದೆ ಕೈಕಟ್ಟಿ ಕೂರುವ ಹೆಂಗಸಲ್ಲ ಕೆರಾ. ಆಕೆ ಸುಟ್ಟಳು, ಸಿಪ್ಪೆ ಸುಲಿದಳು, ಬೀಜ ಕೆರೆದಳು. ಮಿಂಚೊ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಬರೆದ. ಝಿವ್ಕಾ ಅಲ್ಲಿ ಇಲ್ಲದ್ದರಿಂದ ಮಾತಾಡುವುದು ಸ್ವಲ್ಪ ತೊಡಕಾಯಿತು.

“ಯಾರೋ ಹೊಗೆಗೆ ಅಡ್ಡ ಕೂತಿದಾರೆ,” ಎಂದು ಕೆರಾ ಮೆಣಸಿನಕಾಯಿಗಳಿಗೆ ಹೇಳಿದಳು.

ಮಿಂಚೊ ಸ್ಟೂಲು ಸರಿಸಿದ.

“ಕೂತೋರು ಸುಮ್ನೆ ಕೂರೋ ಬದಲು ಆ ಬೋಗುಣಿ ಕೊಡಬಹುದು.”

ಮಿಂಚೊ ಬೋಗುಣಿ ಕೊಟ್ಟ. ಅದನ್ನು ತೆಗೆದುಕೊಳ್ಳುವಾಗ ಆಕೆ ಹುಬ್ಬಿನಡಿಯಿಂದ ಒಂದು ನೋಟ ನೋಡಿದಳು. ಇಷ್ಟು ವರ್ಷ ಅವನು ಆ ನೋಟ ಬಿದ್ದೊಡನೆ ತಲೆ ತಗ್ಗಿಸಿದವನೇ. ಈ ಸಲ ಬರೆಯಬೇಕಲ್ಲ, ತಗ್ಗಿಸಲಿಲ್ಲ. ಪೆನ್ನು ಆ ನೋಟವನ್ನು ಹಾಗೆಯೇ ಹಿಡಿಯಿತು. ಎಡಗಣ್ಣಿನ ಕೆಳಗಿನ ಮಚ್ಚೆ, ಕೆನ್ನೆಯ ಸುಕ್ಕು, ಮೇಲ್ದುಟಿಯ ಮೇಲಿನ ತೆಳು ಮೀಸೆ, ಎಲ್ಲವೂ ಇದ್ದಲ್ಲಿಯೇ ಬಂದು ಕೂತವು.

ವಾರದ ಕೊನೆಗೆ ಝಿವ್ಕಾ ಚಿತ್ರ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. “ಅಯ್ಯಯ್ಯೋ, ಅಮ್ಮ ಈಗ ನನ್ನನ್ನ ಬೈತಾಳೆ ಅನ್ನೋ ಹಾಗಿದೆ! ರೀ, ಆ ಮೀಸೆ ತೆಗೀರಿ. ಇದನ್ನ ನೋಡಿದ್ರೆ ಜನ್ಮಪೂರ್ತಿ ನಿಮ್ಮ ಮುಖ ನೋಡಲ್ಲ ಅವಳು.”

ಮಿಂಚೊ ಮೀಸೆ ಅಳಿಸಿದ. ತೆರೆಯ ಮೇಲೆ ಯಾರೋ ನಿವೃತ್ತ ಸಂಗೀತ ಶಿಕ್ಷಕಿ ಕೂತಿದ್ದಳು. ಮಚ್ಚೆ ಅಳಿಸಿದ. ಶಿಕ್ಷಕಿ ಮುಗುಳ್ನಕ್ಕಳು. ಅವನಿಗೆ ಹೆದರಿಕೆಯಾಯಿತು. ಈ ನಗುವ ಹೆಂಗಸನ್ನು ಕೊಟ್ಟರೆ ಷಡ್ಡಕನ ಫೋಟೋಕ್ಕೂ ತನ್ನ ಚಿತ್ರಕ್ಕೂ ಏನು ಅಂತರ? ಎಲ್ಲವನ್ನೂ ಮತ್ತೆ ಇದ್ದಲ್ಲಿಗೇ ಬರೆದ. ಇಷ್ಟವಾಗದಿದ್ದರೆ ಅತ್ತೆ ಈಗ ಆಡುವ ಒಂದೆರಡು ಮಾತೂ ನಿಂತುಹೋಗುತ್ತದೆಂದು ಗೊತ್ತಿದ್ದೇ ಬರೆದ.

ಇನ್ನು ಅಚ್ಚು ಹಾಕಿಸುವುದೊಂದು ಬಾಕಿ. ಎಲ್ಲಿ ಹಾಕಿಸಬೇಕೆಂಬ ಬಗ್ಗೆ ಅವನಿಗೆ ಗೊಂದಲವಿರಲಿಲ್ಲ. ಬಾಗಿಲಿನ ಮುಖಗಳನ್ನು ಅಷ್ಟು ದಿನ ದಿಟ್ಟಿಸಿ ನೋಡಿದವನು, ಆಸ್ಪತ್ರೆಯ ಗೇಟಿನ ಪಕ್ಕದ ಅಂಗಡಿಯ ಅಚ್ಚಿನಲ್ಲಿ ಕೂದಲೆಳೆಯೂ ಸ್ಪಷ್ಟವಾಗಿ ಮೂಡುತ್ತದೆಂದು ಕಂಡುಕೊಂಡಿದ್ದ. ಆ ಅಂಗಡಿಗೆ ಬರುವ ಗಿರಾಕಿಗಳು ಯಾಕೆ ಬರುತ್ತಾರೆಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ. ಮನಸ್ಸಿನ ತುಂಬ ಗೆರೆಗಳೇ ಇದ್ದವು.

ಹುಟ್ಟುಹಬ್ಬದ ಹಿಂದಿನ ದಿನ ಅಲ್ಲಿಗೆ ಹೋದ. ಮೆಲುದನಿಯ ಅಂಗಡಿಯವನು ಚಿತ್ರ ನೋಡಿ ಟೋಪಿ ತೆಗೆದ.

“ಎಂಥಾ ಕೆಲಸ! ಯಾರು ಬರೆದದ್ದು?”

“ನಾನೇ. ಇವರು ನಮ್ಮತ್ತೆ.”

“ವಯಸ್ಸು?”

“ಎಂಬತ್ತು.”

“ತುಂಬು ವಯಸ್ಸು,” ಎಂದು ಅಂಗಡಿಯವನು ಕಣ್ಣು ತಗ್ಗಿಸಿದ. “ಮನೇಲಿ ಎಲ್ಲರೂ ಹೇಗಿದಾರೆ?”

“ಎಲ್ಲರಿಗೂ ಓಡಾಟ. ನಾಳೆ ಜನ ಬರ್ತಾರಲ್ಲ.”

“ಅರ್ಥ ಆಗುತ್ತೆ. ಕೆಳಗೆ ಏನು ಬರೆಯೋಣ?”

“ಪೂರ್ತಿ ಹೆಸರು, ವಯಸ್ಸು. ಪ್ರೀತಿಯ ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳಿಂದ.”

“ಅಳತೆ? ಅಂಚು? ಎಷ್ಟು ಪ್ರತಿ?”

ಇಲ್ಲಿ ಮಿಂಚೊ ಎಡವಿದ. ಕಲಾವಿದನೆಂದು ಟೋಪಿ ತೆಗೆಸಿಕೊಂಡ ಮೇಲೆ, ಅಚ್ಚಿನ ಅಳತೆ ನನಗೆ ತಿಳಿಯದು ಎನ್ನಲು ಯಾರಿಗೆ ಮನಸ್ಸು ಬರುತ್ತದೆ? “ನಿಮ್ಮಲ್ಲಿ ಮಾಮೂಲಾಗಿ ಹೇಗೋ ಹಾಗೇ ಮಾಡಿ,” ಎಂದ ಗತ್ತಿನಿಂದ.

“ಹಚ್ಚೋದೂ ನಾವೇ ಮಾಡ್ತೀವಿ. ಈ ಹೊತ್ನಲ್ಲಿ ನಿಮಗೆ ತೊಂದ್ರೆ ಬೇಡ. ಎಲ್ಲಿ ಹಚ್ಚೋಣ?”

“ಎಲ್ಲರಿಗೂ ಕಾಣೋ ಕಡೆ,” ಎಂದು ಮಿಂಚೊ ವಿಳಾಸ ಕೊಟ್ಟ. ಅಂಗಡಿಯವನು ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. “ಅವರೇ ಬಂದು ಗೋಡೆಗೆ ಹಾಕಿ ಕೊಡ್ತಾರೆ ಕಣೇ, ಎಂಥಾ ಮರ್ಯಾದಸ್ಥರು,” ಎಂದು ಮಿಂಚೊ ಮನೆಗೆ ಬಂದು ಹೊಗಳಿದ.

ಹುಟ್ಟುಹಬ್ಬದ ದಿನ ಅತ್ತೆಯ ಮನೆಯಲ್ಲಿ ಬೆಳಗಿನಿಂದಲೇ ಒಲೆ ಉರಿಯುತ್ತಿತ್ತು. ಕೆರಾಳ ಇಬ್ಬರು ಹೆಣ್ಣುಮಕ್ಕಳೂ ಮಿಂಚೊನೂ ಹಿಂದಿನ ಸಂಜೆಯಿಂದ ಆ ಮನೆ ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಹೊರಗಿನಿಂದ ಬಂದವನು ಆಸ್ಪರೂಹ್ ಒಬ್ಬನೇ. ಅವನ ಮುಂದೆ ಬಾಗಿಲಷ್ಟೇ ದೊಡ್ಡ ಚಿನ್ನದ ಕಟ್ಟು ಇದ್ದುದರಿಂದ ಅವನಿಗೆ ಬಾಗಿಲು ಕಾಣಿಸಿರಲಿಲ್ಲ. ಕಟ್ಟನ್ನು ಗೋಡೆಗೆ ತೂಗುಹಾಕಿ ಬಟ್ಟೆ ಸರಿಸಿದ. ಬುರ್ಗಾಸ್‌ನ ಸ್ಟುಡಿಯೋದವರು ಕೆರಾಳ ಮುಖದಿಂದ ಸುಕ್ಕು, ಮಚ್ಚೆ, ಮೀಸೆ ಎಲ್ಲವನ್ನೂ ತೆಗೆದು ಮೊಟ್ಟೆಯಷ್ಟು ನುಣ್ಣಗೆ ಮಾಡಿದ್ದರು.

“ಚೆನ್ನಾಗಿದಾಳೆ,” ಎಂದಳು ಕೆರಾ. “ಯಾರ ಮಗಳು?”

“ನೀವೇ ಅತ್ತೆ!” ಎಂದ ಆಸ್ಪರೂಹ್. ಆಮೇಲೆ ಮಿಂಚೊನ ಕಡೆ ತಿರುಗಿ, “ಎಲ್ಲಪ್ಪಾ ಷಡ್ಡಕ, ನೀನು ಬರೆದ ಚಿತ್ರ?” ಎಂದ.

“ಬರುತ್ತೆ. ತಂದು ಹಚ್ತಾರೆ,” ಎಂದು ಮಿಂಚೊ ಅನ್ನುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಅವನು ಓಡಿದ. ಅವನಿಗಿಂತ ಮೊದಲು ಕೆರಾ ಹೋಗಿ ಕದ ತೆರೆದಳು.

ಪೆನಾ ನಿಂತಿದ್ದಳು. ತಲೆಗೆ ಕಪ್ಪು ವಸ್ತ್ರ, ಒಂದು ಕೈಯಲ್ಲಿ ಬಿಳಿ ಸೇವಂತಿಗೆ, ಇನ್ನೊಂದರಲ್ಲಿ ಸಕ್ಕರೆ ಉದುರಿಸಿದ ಬೇಯಿಸಿದ ಗೋಧಿ. ತೀರಿಕೊಂಡವರ ಮನೆಗಲ್ಲದೆ ಬೇರೆಲ್ಲಿಗೂ ಹೊರಡದ ತಿನಿಸು ಅದು.

“ಕೆರಾ!” ಎಂದಳು. “ನೀನು… ಎದ್ದಿದೀಯಾ?”

“ಕತ್ತಲಿದ್ದಾಗ್ಲೇ ಎದ್ದಿದೀನಿ. ಇಲ್ದಿದ್ರೆ ಅಡುಗೆ ನೀನು ಬಂದು ಮಾಡ್ತಿದ್ಯಾ? ಒಳಗೆ ಬಾ.”

ನಮ್ಮೂರಲ್ಲಿ ಬದುಕಿದ್ದವರಿಗೆ ಬೆಸ ಸಂಖ್ಯೆಯ ಹೂ, ಸತ್ತವರಿಗೆ ಸಮ. ಪೆನಾ ತಡಮಾಡಲಿಲ್ಲ. ಗೊಂಚಲಿನಿಂದ ಒಂದು ಸೇವಂತಿಗೆಯನ್ನು ಸರಕ್ಕನೆ ಕಿತ್ತು ಅಂಗಿಯ ತೋಳಿನೊಳಗೆ ತುರುಕಿಕೊಂಡು, “ನೂರ್ಕಾಲ ಬಾಳಮ್ಮ!” ಎಂದಳು. ಗೋಧಿಯ ತಟ್ಟೆಯನ್ನು ಮಾತ್ರ ಎಲ್ಲಿ ತುರುಕಬೇಕೋ ತಿಳಿಯದೆ ಆಸ್ಪರೂಹ್‌ನ ಕೈಗೆ ಕೊಟ್ಟಳು. ಅವನು ಅದನ್ನು ಸೋಫಾದ ಕೆಳಗೆ ದೂಡಿದ.

ಮತ್ತೆ ಗಂಟೆ. ಐದನೇ ಮಹಡಿಯ ಮುದುಕಿ, ಹೂ ಕಿತ್ತಳು. ಎದುರು ಮನೆಯ ದಂಪತಿ. ಗಂಡ ಒಂದು ಕಿತ್ತ, ಅದನ್ನು ನೋಡದ ಹೆಂಡತಿಯೂ ಒಂದು ಕಿತ್ತಳು, ಲೆಕ್ಕ ಮತ್ತೆ ಸಮವಾಗಿ ಇಬ್ಬರೂ ಮೆಟ್ಟಿಲ ಮೇಲೆ ಜಗಳಕ್ಕೆ ಬಿದ್ದರು. ಕೆರಾಗೆ ಅಚ್ಚರಿಯೋ ಅಚ್ಚರಿ. “ಇಷ್ಟು ಜನಕ್ಕೆ ನನ್ನ ಹುಟ್ಟುಹಬ್ಬ ಹೇಗೆ ಗೊತ್ತಾಯ್ತೇ? ಎಲ್ಲರೂ ಕಪ್ಪು ಬಟ್ಟೇಲಿ ಯಾಕಿದಾರೆ?”

ಆಮೇಲೆ ಧೂಪದ ಪಾತ್ರೆ ಹಿಡಿದು ಪಾದ್ರಿ ಎವ್ತಿಮ್ ಬಂದರು. ದೃಷ್ಟಿ ಮಂದವಾದ್ದರಿಂದ ಬಾಗಿಲಲ್ಲಿದ್ದವಳು ಯಾರೆಂದು ಅವರಿಗೆ ತಿಳಿಯಲಿಲ್ಲ.

“ಹಾಳೇಲಿ ಹೊತ್ತು ಹಾಕಿಲ್ಲಮ್ಮ. ಅದಕ್ಕೇ ಕೇಳ್ಕೊಂಡು ಹೋಗೋಣ ಅಂತ ಬಂದೆ. ಎಷ್ಟೊತ್ತಿಗೆ ಇಟ್ಕೊಂಡಿದೀರಿ?”

“ಊಟ ತಾನೇ? ಇನ್ನೇನು ಬಡಿಸ್ತೀವಿ, ಕೂತ್ಕೊಳ್ಳಿ ಸ್ವಾಮಿ.”

“ಮೊದಲು ಊಟಾನಾ?” ಎಂದು ಪಾದ್ರಿ ಬೆರಗಾದರು. ಆದರೂ ಕೂತರು.

ಕೊನೆಗೆ ಬಂದವನು ಕ್ರುಮ್, ಆಸ್ಪತ್ರೆಯಿಂದ ನೇರವಾಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಇನ್ನೊಂದು ಕೈಯಲ್ಲಿ ಕಪ್ಪು ಅಂಚಿನ ಹಾಳೆಯಿತ್ತು. “ತಬಾಕೊವ್!” ಎಂದು ಗುಡುಗಿದ. “ದುಃಖ ಇರ್ಲಿ, ನಿಯಮಾನೂ ಇರ್ಬೇಕು. ಬಾಗಿಲಿಗೆ ಒಂದು ಹಾಳೆ ಸಾಕು. ನೀನು ಬಾಗಿಲಿಗೆ, ಲಿಫ್ಟಿಗೆ, ಬೆಂಚಿನ ಪಕ್ಕದ ಮರಕ್ಕೆ, ಬಸ್ ನಿಲ್ದಾಣಕ್ಕೆ ಎಲ್ಲ ಕಡೆ ಹಚ್ಚಿಸಿದೀಯ! ನಲವತ್ತು ದಿನ ನಾನು ಇದನ್ನ ಕೀಳೋ ಹಾಗೂ ಇಲ್ಲ…” ಅಷ್ಟರಲ್ಲಿ ಅವನ ಕಣ್ಣು ಕೆರಾಳ ಮೇಲೆ ಬಿತ್ತು. ಹಾಳೆ ನೋಡಿದ, ಕೆರಾಳನ್ನು ನೋಡಿದ, ಯೋಚಿಸಿದ. “ಬದುಕಿದ್ರೆ ಕೀಳಬಹುದು,” ಎಂದ ಸಣ್ಣ ದನಿಯಲ್ಲಿ. “ಬದುಕಿರೋರಿಗೆ ನಲವತ್ತು ದಿನ ಅನ್ವಯ ಆಗಲ್ಲ.”

ಕೆರಾ ಕೈ ಚಾಚಿ ಹಾಳೆ ತೆಗೆದುಕೊಂಡಳು. ಮೇಲೆ ದಪ್ಪ ಅಕ್ಷರದಲ್ಲಿ ‘ದುಃಖದ ಸುದ್ದಿ’. ಕೆಳಗೆ ಶಿಲುಬೆ. ನಡುವೆ ಆಕೆ.

ಝಿವ್ಕಾ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು. ಆಸ್ಪರೂಹ್ ಮಾತ್ರ ಕಪ್ಪು ಕನ್ನಡಕ ತೆಗೆದು ಸಂತೋಷ ತಡೆಯಲಾರದೆ ಕೂಗಿದ: “ನೋಡಿದ್ರಾ ಅತ್ತೆ! ಹುಟ್ಟುಹಬ್ಬದ ದಿನ ನಿಮ್ಮನ್ನ ಸಾಯಿಸಿಬಿಟ್ಟ! ಊರ ತುಂಬ ಹಚ್ಚಿದಾನೆ!”

“ಮಾಮೂಲಾಗಿ ಮಾಡಿ ಅಂದೆ ಅಷ್ಟೇ…” ಎಂದ ಮಿಂಚೊ. ಅವನಿಗೆ ಈಗ ಎಲ್ಲವೂ ತಿಳಿಯಿತು, ಮುರಬ್ಬ ಸಮೇತ. ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಕೆಳಗಿನ ಮನೆ ಪೆನಾಳದು ಎಂದು ನೆನಪಾಗಿ ಆ ಆಸೆಯನ್ನೂ ಬಿಟ್ಟ.

ಕೆರಾ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋದಳು. ನೋಡಿದಳು. ಗೋಡೆಯ ಮೇಲಿದ್ದ ಚಿನ್ನದ ಕಟ್ಟನ್ನು ನೋಡಿದಳು. ಮತ್ತೆ ಹಾಳೆ ನೋಡಿದಳು.

“ಈ ಮಚ್ಚೆ ಯಾರು ಇಟ್ಟಿದ್ದು?”

“ನಾನು ಅತ್ತೆ.”

“ಈ ಮೀಸೆ?”

“ಅದೂ ನಾನೇ. ಒಂದ್ಸಲ ತೆಗೆದಿದ್ದೆ. ನೀವು ಹೋಗ್ಬಿಟ್ರಿ.”

“ಎಲ್ಲಿಗೆ ಹೋದೆ?”

“ಚಿತ್ರದಿಂದ. ಬೇರೆ ಯಾರೋ ಬಂದ್ರು. ಅದಕ್ಕೇ ಮತ್ತೆ ಇಟ್ಟೆ.”

ಕೆರಾ ಪೆನಾಳ ಕಡೆ ತಿರುಗಿದಳು. “ಬಾಗಿಲಲ್ಲಿ ಇದನ್ನ ನೋಡ್ದಾಗ ನಾನೇ ಅಂತ ಗೊತ್ತಾಯ್ತಾ?”

“ದೂರದಿಂದಲೇ ಕಣೇ! ಹೆಸರೇ ಓದ್ಲಿಲ್ಲ. ಬೈತೀಯೇನೋ ಅಂತ ಹೆದರ್ಕೊಂಡೇ ಅತ್ಬಿಟ್ಟೆ.”

“ಅತ್ಯಾ?”

“ಹೂಂ, ಅತ್ಬಿಟ್ಟೆ. ಇಲ್ಲೇ ಬಸ್ ನಿಲ್ದಾಣದಲ್ಲೂ ಒಂದ್ಸಲ ಕಣ್ಣೀರು ಹಾಕ್ದೆ.”

“ಸರಿ. ಈ ಗೋಡೆ ಮೇಲಿರೋಳು ಯಾರು ಹೇಳು?”

ಪೆನಾ ಚಿನ್ನದ ಕಟ್ಟನ್ನು ಬಗ್ಗಿ, ನೆಟ್ಟಗಾಗಿ, ಓರೆಯಾಗಿ ನೋಡಿದಳು. “ಟಿವಿಯಲ್ಲಿ ಹವಾಮಾನ ಹೇಳ್ತಾಳಲ್ಲ, ಅವಳ ತಾಯಿನಾ?”

ಯಾರೋ ಕಿಸಕ್ಕೆಂದರು. ಪಾದ್ರಿ ಇರಬೇಕು. ಆಸ್ಪರೂಹ್ ಮತ್ತೆ ಕನ್ನಡಕ ಏರಿಸಿಕೊಂಡ.

“ಆಸ್ಪರೂಹ್‌ದು ಗೋಡೆ ಮೇಲಿರ್ಲಿ,” ಎಂದಳು ಕೆರಾ. “ಬದುಕಿರೋ ತನಕ ಸುಳ್ಳಾದ್ರೂ ಚೆಂದ ಇದ್ರೆ ನಡೆಯುತ್ತೆ. ಬಾಗಿಲಿಗೆ ಮಾತ್ರ ಇದೇ. ಹೋದೋಳು ಯಾರು ಅಂತ ಊರಿಗೆ ಗೊತ್ತಾಗ್ಬೇಕಲ್ಲ.” ಹಾಳೆಯನ್ನು ಮಡಿಸದೆ ಮೇಜಿನ ಮೇಲೆ ಇಟ್ಟು, ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು. “ಎಲ್ಲಾನೂ ಹರೀದ ಹಾಗೆ ಬಿಡಿಸ್ಕೊಂಡು ಬಾ, ಮಿಂಚೊ. ಬೀರುವಿನಲ್ಲಿ ಇಟ್ಕೋತೀನಿ. ಒಂದೂ ಹಾಳಾಗ್ಬಾರ್ದು.”

ಆಕೆಯ ಬಾಯಲ್ಲಿ ತನ್ನ ಹೆಸರು ಕೇಳಿದ ಮಿಂಚೊ ನಿಂತಲ್ಲೇ ನಿಂತ. ಝಿವ್ಕಾ ಅವನ ಬೆನ್ನಿಗೆ ಗುದ್ದಿದಳು. ಆಮೇಲೆ ಓಡಿದ, ಒಂದು ಬಕೆಟ್ ಬಿಸಿನೀರು, ಒಂದು ಸ್ಪಂಜು, ಅತ್ತೆಯ ಬೆಣ್ಣೆ ಸವರುವ ಚಾಕು ತೆಗೆದುಕೊಂಡು. ಬಾಗಿಲಿನದನ್ನು ಬಿಡಿಸಿದ, ಲಿಫ್ಟಿನದನ್ನು ಬಿಡಿಸಿದ, ಮರದ ಮೇಲಿನದನ್ನು ಬಿಡಿಸಿದ. ಬಸ್ ನಿಲ್ದಾಣದ ಗಾಜಿನ ಮೇಲಿನ ಹಾಳೆ ಗಟ್ಟಿಯಾಗಿ ಅಂಟಿತ್ತು. ಅವನು ಮಂಡಿಯೂರಿ, ಅಂಚಿನಿಂದ ಅಂಗುಲ ಅಂಗುಲವಾಗಿ ನೆನೆಸಿ, ಮಚ್ಚೆಯ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು, ಚಾಕುವನ್ನು ಹಾಯಿಸುತ್ತಿದ್ದ. ಕಣ್ಣಿನಲ್ಲಿ ನೀರು ತನ್ನಷ್ಟಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಅಪರಿಚಿತ ಹೆಂಗಸೊಬ್ಬಳಿಗೆ ಕರುಳು ಚುರುಕ್ಕೆಂದಿತು. ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟಳು.

“ಸಮಾಧಾನ ಮಾಡ್ಕೊಳಪ್ಪ. ಏನಾಗ್ಬೇಕು ನಿನಗೆ?”

“ನಮ್ಮತ್ತೆ.”

“ತುಂಬಾ ಹತ್ತಿರದವರಾಗಿದ್ರಾ?”

ಮಿಂಚೊ ಹಾಳೆಯ ಕೊನೆಯ ಮೂಲೆಯನ್ನು ಹರಿಯದಂತೆ ಬಿಡಿಸಿಕೊಂಡು, ಎದ್ದು ನಿಂತು, ಮೂಗು ಒರೆಸಿಕೊಂಡ.

“ಇವತ್ತಿಂದ,” ಎಂದ.